ಒಂದು ವಾರ್ಡಿನ ಹವಾಮಾನ ಅಪಾಯವನ್ನು ಅಳೆಯುವ ಬಗೆ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಬೇಸಗೆಯಲ್ಲಿ ಗುಡ್ಡದ ಮನೆಗಳು ಕುಡಿಯುವ ನೀರಿಗೆ ಪರದಾಡುವುದುಂಟು. ಆದ್ದರಿಂದ ಇಲ್ಲಿ ಹವಾಮಾನ ಬದಲಾವಣೆಯ ಅಪಾಯವನ್ನು ಅಂದಾಜಿಸ ಹೊರಟವರು ವಾರ್ಷಿಕ ಮೊತ್ತವನ್ನು ನೆಚ್ಚಿಕೊಳ್ಳಬಾರದು. ಮಂಗಲ್ಪಾಡಿಯ ಕಡಲತೀರದ ಭಯವೇ ಬೇರೆ, ಎಣ್ಮಕಜೆಯ ಗುಡ್ಡದ ಭಯವೇ ಬೇರೆ. ಹಾಗಾಗಿ ಜಿಲ್ಲೆಯನ್ನು ಬಿಟ್ಟು ಒಂದು ವಾರ್ಡನ್ನು, ಸಾಧ್ಯವಾದರೆ ಒಂದೇ ತೋಡಿಗೆ (ಹಳ್ಳಕ್ಕೆ) ನೀರು ಇಳಿಯುವ ಪ್ರದೇಶವನ್ನು ಆರಿಸಿಕೊಳ್ಳಿ.

ಮೊದಲು 30 ವರ್ಷಗಳ ದಿನವಹಿ ಮಳೆಯ ಲೆಕ್ಕವನ್ನು ಸಂಗ್ರಹಿಸಿ. ಅಂಗಳದಲ್ಲಿ ಮಳೆಮಾಪಕವಿಟ್ಟು ಬರೆದಿಡುವ ಅಡಿಕೆ ಕೃಷಿಕರ ದಿನಚರಿಗಳೂ ಬೆಲೆಬಾಳುವ ದಾಖಲೆಗಳೇ. 24 ಗಂಟೆಗಳಲ್ಲಿ 115.6 ಮಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಅತಿ ಭಾರೀ ಮಳೆಯೆನ್ನುತ್ತದೆ. ಅಂಥ ದಿನಗಳನ್ನೂ ಮಳೆಗಾಲದ ನಡುವಿನ ಒಣ ದಿನಗಳನ್ನೂ ದಶಕವಾರು ಎಣಿಸಿ ಹೋಲಿಸಬೇಕು.

ನೀರಿನ ಸ್ಥಿತಿಯನ್ನು ತಿಳಿಯಲು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಷ್ಟು ನಂಬಿಕಸ್ಥ ಸಾಕ್ಷಿ ಇನ್ನೊಂದಿಲ್ಲ, ಏಕೆಂದರೆ ಪಂಪಿನ ಹಂಗಿಲ್ಲದೆ ಹರಿದುಬರುವ ಆ ನೀರು ಗುಡ್ಡದ ಒಡಲಲ್ಲಿ ಉಳಿದಿರುವುದನ್ನೇ ತೋರಿಸುತ್ತದೆ. ಡಿಸೆಂಬರಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ 20 ಲೀಟರಿನ ಪಾತ್ರೆ ತುಂಬಲು ಹಿಡಿದ ಹೊತ್ತನ್ನು ಗುರುತಿಸಿ. 40 ಸೆಕೆಂಡು ಹಿಡಿದರೆ ನಿಮಿಷಕ್ಕೆ 30 ಲೀಟರ್ ಎಂದರ್ಥ. ಹರಿವು ಕುಗ್ಗಿದೊಡನೆ ಹವಾಮಾನವನ್ನೇ ದೂರುವುದು ತಪ್ಪು: ಮೇಲ್ಭಾಗದಲ್ಲಿ ಹೊಸ ಕೊಳವೆಬಾವಿ, ಕಲ್ಲಿನ ಕೋರೆ ಅಥವಾ ರಬ್ಬರ್ ತೋಟ ಬಂದಿದೆಯೇ, ತೋಡಿಗೆ ವರ್ಷಂಪ್ರತಿ ಹಾಕುತ್ತಿದ್ದ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ನಿಂತುಹೋಗಿದೆಯೇ ಎಂದು ಜೊತೆಗೇ ಬರೆದುಕೊಳ್ಳಿ.

ಆಮೇಲೆ ಮನೆಮನೆಗೆ ಹೋಗಬೇಕು. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ಅಂತರಸರ್ಕಾರಿ ಸಮಿತಿಯಾದ ಐಪಿಸಿಸಿಯ 2014ರ ವರದಿ ಅಪಾಯವನ್ನು ಮೂರು ಅಂಶಗಳ ಕೂಡುವಿಕೆಯಾಗಿ ಕಾಣುತ್ತದೆ: ಎರಗುವ ವಿಪತ್ತು, ಅದರ ದಾರಿಯಲ್ಲಿರುವ ಜನ ಮತ್ತು ಸೊತ್ತು, ಅವರ ದುರ್ಬಲತೆ. ಮಳೆ ಬಿಡದೆ ಸುರಿದು, ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣದ ಮಿಶ್ರಣ) ಎರಡನೆಯ ಸಿಂಪಡಣೆ ತಪ್ಪಿದರೆ ಅಕ್ಕಪಕ್ಕದ ಎರಡು ಅಡಿಕೆ ತೋಟಗಳಿಗೂ ಕಾಯಿ ಕೊಳೆತು ಉದುರುವ ಕೊಳೆರೋಗ ತಗಲಬಹುದು. ಆದರೆ ಅಡಿಕೆಯೊಂದನ್ನೇ ನಂಬಿ ಸಾಲ ಮಾಡಿದ ಮನೆ ಕುಸಿಯುತ್ತದೆ, ಸಂಬಳದ ಆಸರೆಯಿರುವ ಮನೆ ತಡೆದುಕೊಳ್ಳುತ್ತದೆ. ಆದ್ದರಿಂದ ಆದಾಯದ ಮೂಲ, ಸಾಲ, ನೀರಿನ ಎರಡನೆಯ ಆಸರೆ, ಒಂಟಿ ವೃದ್ಧರು ಇವೆಲ್ಲವನ್ನೂ ವಿಚಾರಿಸಿ. ಗಡಿನಾಡಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಬಿಡುವಂತಿಲ್ಲ: ಎಚ್ಚರಿಕೆಯ ಸಂದೇಶ ಮಲಯಾಳದಲ್ಲಿ ಮಾತ್ರ ಬಂದರೆ, ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಅದನ್ನು ತಿಳಿಸುವವರು ಯಾರು? ಆ ಮನೆಗಳನ್ನು ನಕ್ಷೆಯಲ್ಲಿ ಪ್ರತ್ಯೇಕವಾಗಿ ಗುರುತಿಸಿ, ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯ ಮುಂದಿಡಿ.