ಹಳೆ ಗೂಡ್ಸ್ ಗಾಡಿ ಕೊಳ್ಳುತ್ತೀರಾ? ಬಣ್ಣ ಕೊನೆಗೆ ನೋಡಿ

ಬೆಳಗಾವಿಯ ಆಟೋ ನಗರದಲ್ಲಿ ನಮಗೆ ಪರಿಚಯದ ಮಿಸ್ತ್ರಿ ಒಬ್ಬರಿದ್ದಾರೆ. ಹಳೆ ಗಾಡಿ ನೋಡಲು ಕರೆದರೆ ಬೆಳಿಗ್ಗೆ ಏಳಕ್ಕೇ ಅಲ್ಲಿರಬೇಕು ಅನ್ನುತ್ತಾರೆ. ಹೋದ ವರ್ಷ ನನ್ನ ತಮ್ಮನಿಗೆ ಒಂದು ಟಾಟಾ ಏಸ್ ನೋಡಲು ಹೋಗಿದ್ದೆವು. ಮಾಲಕರು ಗಾಡಿ ತೊಳೆದು, ಟೈರಿಗೆ ಪಾಲಿಶ್ ಹೊಡೆದು, ನಮಗೆ ಚಹಾ ತರಿಸಿ ಕೂತಿದ್ದರು. ಮಿಸ್ತ್ರಿ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಡ್ರೈವರ್ ಸೀಟು ಎತ್ತಿದರು. ಏಸ್‌ನ ಎಂಜಿನ್ ಇರೋದು ಅಲ್ಲೇ, ಸೀಟಿನ ಕೆಳಗೆ. ಮೇಲೆ ಅಂಗೈ ಇಟ್ಟು ನಕ್ಕರು. "ಏನ್ರೀ ಮಾಲಕರ, ಚಹಾದ ಜೋಡಿ ಗಾಡೀನೂ ಕಾಸಿ ಇಟ್ಟೀರಲ್ರಿ?"

ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. ಸವೆದ ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಸುಲಭಕ್ಕೆ ಏಳುವುದಿಲ್ಲ, ಎದ್ದರೂ ಹೊಗೆ ಉಗುಳುತ್ತದೆ. ಬಿಸಿ ಇದ್ದರೆ ಎಲ್ಲಾ ಗಾಡಿಯೂ ಒಳ್ಳೆಯದೇ. ಚಹಾ ಕುಡಿದು ವಾಪಸ್ ಬಂದೆವು.

ಬಹಳ ಮಂದಿ ಮೊದಲು ಗಾಡಿ ನೋಡುತ್ತಾರೆ, ಆಮೇಲೆ ಕಾಗದ ಕೇಳುತ್ತಾರೆ, ಮನೆಗೆ ತಂದ ಮೇಲೆ ಲೋಡ್ ಎಷ್ಟು ಹಾಕಬಹುದು ಅಂತ ಯೋಚಿಸುತ್ತಾರೆ. ಉಲ್ಟಾ ಮಾಡಿ ನೋಡಿ. ದುಡ್ಡು ಉಳಿಯುತ್ತದೆ.

ಮೊದಲು ಲೋಡ್ ತೂಗಿ

ನೀವು ಹೇರುವುದು ಏನು, ಎಲ್ಲಿಗೆ? 2005ರಲ್ಲಿ ಬಂದ ಟಾಟಾ ಏಸ್‌ಗೆ, ಅದೇ ನಮ್ಮ ಛೋಟಾ ಹಾಥಿಗೆ, 702 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಅದು ಹೊರಬೇಕಾದ್ದು ಸುಮಾರು ಮುಕ್ಕಾಲು ಟನ್. ಅಂದರೆ 50 ಕೆ.ಜಿ.ಯ ಸಿಮೆಂಟ್ ಚೀಲ 15. ಹತ್ತು ಕೆ.ಜಿ.ಯ ಬೆಲ್ಲದ ಪೆಂಟಿಯಾದರೆ 75. ಆದರೆ ಮುಧೋಳ ರಸ್ತೆಯಲ್ಲಿ ನಿಂತು ನೋಡಿ, ಬರೀ 15 ಚೀಲ ಹಾಕಿದ ಏಸ್ ಒಂದಾದರೂ ಸಿಕ್ಕರೆ ಹೇಳಿ, ಎಲ್ಲಾ ಅದಕ್ಕಿಂತ ಜಾಸ್ತಿಯೇ. ಮಾರಾಟಕ್ಕೆ ಬರುವುದೂ ಇದೇ ಗಾಡಿಗಳು ಅಲ್ವಾ!

ಇಳಕಲ್ ಸೀರೆಯ ಗಂಟು, ಅಂಗಡಿ ಸಾಮಾನು, ಊರೊಳಗಿನ ಬಾಡಿಗೆ ಅಂದರೆ ಏಸ್ ಸಾಕು. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ತರಕಾರಿ ಒಯ್ಯುತ್ತೀರಾ? ಹಾಗಾದರೆ ಬೊಲೆರೊ ಪಿಕಪ್ ಅಥವಾ ಅಶೋಕ್ ಲೇಲ್ಯಾಂಡ್ ದೋಸ್ತ್ ನೋಡಿ. ದೋಸ್ತ್‌ನ ಎಂಜಿನ್ ಮೂರು ಸಿಲಿಂಡರಿನ ಒಂದೂವರೆ ಲೀಟರಿನದು, ಒಂದೂಕಾಲು ಟನ್ ಹೊರುತ್ತದೆ. ವಿಜಯಪುರದ ದ್ರಾಕ್ಷಿ ಬಾಕ್ಸಿಗೆ ತೂಕಕ್ಕಿಂತ ಜಾಗ ಮುಖ್ಯ, ಉದ್ದ ಬಾಡಿಯ ಗಾಡಿ ಬೇಕು.

ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರದಲ್ಲಿ) ಎರಡು ತೂಕ ಬರೆದಿರುತ್ತದೆ: ಲೋಡ್ ಸಮೇತ ಒಟ್ಟು ತೂಕ ಮತ್ತು ಖಾಲಿ ತೂಕ. ಕಳೆದರೆ ಉಳಿಯುವುದೇ ನಿಮ್ಮ ಲೋಡ್, ಡ್ರೈವರ್ ತೂಕವೂ ಅದರಲ್ಲೇ. ಒಟ್ಟು ತೂಕ 3,000 ಕೆ.ಜಿ. ದಾಟದಿದ್ದರೆ ಪರ್ಮಿಟ್ ಬೇಕಿಲ್ಲ. ಕೆಲವು ಪಿಕಪ್‌ಗಳು ಈ ಗೆರೆ ದಾಟುತ್ತವೆ, ಬೆಲೆ ಮಾತಾಡುವ ಮೊದಲೇ ನೋಡಿಕೊಳ್ಳಿ. ಲೈಸೆನ್ಸ್ ಚಿಂತೆ ಮಾತ್ರ ಈಗ ಇಲ್ಲ. 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿಯನ್ನು ಎಲ್‌ಎಂವಿ (ಕಾರಿನಂಥ ಹಗುರ ಗಾಡಿಯ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಹೇಳಿದೆ.

ಆಮೇಲೆ ಕಾಗದ. ಇಲ್ಲಿ ಅವಸರ ಬೇಡ

ನಮ್ಮದು ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರದ ಮನೆ. ಕೆಲವು ವರ್ಷದ ಹಿಂದೆ ಒಂದು ಪಿಕಪ್ ಕೊಂಡೆವು. ಮಾರಿದವರು ಸಾಲ ತೀರಿಸಿದ ರಸೀದಿ ತೋರಿಸಿದರು. ಕೊನೆ ಕಂತಿನ ಸಿಕ್ಕಾ ಸಮೇತ ಇತ್ತು, ನಂಬಿದೆವು. ಆದರೆ ಆರ್‌ಸಿಯಲ್ಲಿ ಎಚ್‌ಪಿ ನಮೂದು, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನುವ ಗುರುತು, ಹಾಗೇ ಉಳಿದಿತ್ತು. ಫೈನಾನ್ಸ್‌ನವರ ಹತ್ತಿರ ಹೋದರೆ, "ಅವರು ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತಾರ್ರಿ, ಅದು ಮುಗಿಯೂಮಟ ಎನ್‌ಒಸಿ ಬರಂಗಿಲ್ಲ" ಅಂದರು. ಎನ್‌ಒಸಿ ಅಂದರೆ ನಮ್ಮ ಅಭ್ಯಂತರವಿಲ್ಲ ಅಂತ ಅವರು ಕೊಡುವ ಪತ್ರ. ಐದು ತಿಂಗಳು ಗಾಡಿ ನಮ್ಮ ಅಂಗಳದಲ್ಲಿ, ಹೆಸರು ಅವರದು. ಅವ್ವ ದಿನಾ ಬೆಳಿಗ್ಗೆ ಅದರ ಸುತ್ತ ಕಸ ಹೊಡೆಯುತ್ತಾ ಏನೋ ಗೊಣಗುತ್ತಿದ್ದಳು. ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಆದ್ದರಿಂದ ಸಾಲದ ರಸೀದಿ ಬೇರೆ, ಎನ್‌ಒಸಿ ಬೇರೆ. ಸಾಲದ ಗುರುತು ತೆಗೆಸುವ ಫಾರ್ಮ್ 35ಕ್ಕೆ ಫೈನಾನ್ಸ್‌ನವರ ಸಹಿ, ಜೊತೆಗೆ ಎನ್‌ಒಸಿ, ಎರಡೂ ಕೈಗೆ ಬಂದ ಮೇಲೆ ಪೂರ್ತಿ ದುಡ್ಡು.

ಎಂ-ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ, ಅಂದರೆ ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲಿವರೆಗೆ ಇದೆ ಅಂತ ಕಾಣುತ್ತದೆ. ಬಾಕಿ ಚಲನ್ ಕೂಡ ನೋಡಿ. ಎಂಟು ವರ್ಷದೊಳಗಿನ ಗೂಡ್ಸ್ ಗಾಡಿಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಅದು ದಾಟಿದರೆ ಪ್ರತಿ ವರ್ಷ. "ಪಾಸಿಂಗ್ ಮುಗದೈತಿ, ಮಾಡಿಸಿಕೊಂಡ್ರ ಆತು" ಅಂತ ಎಫ್‌ಸಿ ಮುಗಿದದ್ದನ್ನು ಹಗುರವಾಗಿ ಹೇಳುವವರ ಗಾಡಿಗೆ ಲೈಟು, ಬ್ರೇಕು, ಟೈರು, ಬಾಡಿ ಎಲ್ಲಾ ಕೆಲಸ ಬಾಕಿ ಇರುತ್ತದೆ ಅಂತಲೇ ತಿಳಿಯಿರಿ. ಹೊಸ ಎಫ್‌ಸಿ ಮಾಡಿಸಿ ಕೊಡಿ, ಇನ್ನೊಂದಿಷ್ಟು ಕೊಡುತ್ತೇನೆ ಅನ್ನಿ. ಒಪ್ಪದಿದ್ದರೆ ಉತ್ತರ ಸಿಕ್ಕಿತು.

ಆರ್‌ಸಿಯಲ್ಲಿರುವ ಹೆಸರಿನವರೇ ಎದುರಿಗೆ ಕೂತಿದ್ದಾರಾ? ಸಹಿ ಮಾಡಿದ ಖಾಲಿ ಫಾರ್ಮ್ 29, 30 (ಹೆಸರು ಬದಲಾವಣೆಯವು) ಹಿಡಿದುಕೊಂಡು ಗಾಡಿ ಮೂರು ಕೈ ದಾಟಿರುವುದು ನಮ್ಮಲ್ಲಿ ಮಾಮೂಲು. ಹೆಸರು ಬದಲಿಸಲು ಹೋದರೆ ಮೊದಲನೆಯವರ ಮೊಬೈಲಿಗೆ ಒಟಿಪಿ ಹೋಗುತ್ತದೆ, ಅವರು ಈಗ ಪುಣೆಯಲ್ಲೋ ಎಲ್ಲೋ. ಅಂಥ ಗಾಡಿ ಬಿಡಿ. ಮಾರುವವರಿಗೂ ಇದು ಒಳ್ಳೆಯದಲ್ಲ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲಕರು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಬದಲಿಸಲು ತಡಮಾಡುವವರಿಗೆ ಇದನ್ನು ನೆನಪಿಸಿದರೆ ಕೆಲಸ ಬೇಗ ಆಗುತ್ತದೆ.

ಎಂಎಚ್ ಪಾಸಿಂಗ್, ಅಂದರೆ ಮಹಾರಾಷ್ಟ್ರದಲ್ಲಿ ನೋಂದಣಿಯಾದ ಗಾಡಿಯ ಆಸೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ನಮ್ಮ ಮೂರೂ ಜಿಲ್ಲೆಗಳಿಗೆ ಇದೆ. ಕೊಲ್ಲಾಪುರದ 09, ಸಾಂಗ್ಲಿಯ 10, ಸೊಲ್ಲಾಪುರದ 13. ಗಡಿ ಹತ್ತಿರ, ಒಮ್ಮೊಮ್ಮೆ ಬೆಲೆಯೂ ಕಡಿಮೆ. ಆದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಕರ್ನಾಟಕದ ಟ್ಯಾಕ್ಸ್ ಕಟ್ಟಬೇಕು, ಹೊಸ ಕೆಎ ನಂಬರ್ ಮಾಡಿಸಬೇಕು. ಈ ಖರ್ಚು, ಓಡಾಟ, ಆ ದಿನಗಳ ಬಾಡಿಗೆ ನಷ್ಟ ಎಲ್ಲಾ ಕೂಡಿಸಿ. ಬಹಳ ಸಲ ಕೆಎ 22, 28 ಅಥವಾ 29ರ ಗಾಡಿಯೇ ಅಗ್ಗ ಬೀಳುತ್ತದೆ.

ಈಗ ಗಾಡಿ ಹತ್ತಿರ ಬನ್ನಿ

ಜೊತೆಗೆ ಮಿಸ್ತ್ರಿ ಇರಲಿ. ಒಂದು ಖಾಲಿ ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ ಒಯ್ಯಿರಿ.

ಚೀಲ ಹಾಸಿ ಗಾಡಿ ಕೆಳಗೆ ಮಲಗಿ. ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ, ಬೆಸುಗೆ ಹಾಕಿದ ಗುರುತು ಇದೆಯಾ, ಅದರಲ್ಲೂ ಪಾಟಾ (ಎಲೆ ಎಲೆಯಾಗಿ ಜೋಡಿಸಿದ ಸ್ಪ್ರಿಂಗ್) ಕೂರುವ ಜಾಗದಲ್ಲಿ? ಹಿಂದಿನ ಪಾಟಾದಲ್ಲಿ ಎಲೆ ಜಾಸ್ತಿ ಹಾಕಿಸಿದ್ದಾರಾ? ಹಾಕಿಸಿದ್ದರೆ ಓವರ್‌ಲೋಡ್ ಹೊತ್ತ ಗಾಡಿ ಅಂತ ಅದೇ ಹೇಳುತ್ತದೆ, ಮಾಲಕರನ್ನು ಕೇಳುವುದೇ ಬೇಡ. ಚಾಸಿಗೆ ಮಾತ್ರ ಹೊಸ ಕಪ್ಪು ಬಣ್ಣ ಇದ್ದರೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಧಬ್ ಅನ್ನುತ್ತದೆ. ಚಾಸಿ ನಂಬರ್ ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ.

ನಮ್ಮ ಕಡೆಯ ಎರಡು ರೋಗಗಳನ್ನು ಬೇರೆಯಾಗಿ ಹೇಳಬೇಕು. ಒಂದು ಮೀನಿನ ಗಾಡಿ. ಗೋವಾ ಕಡೆಯಿಂದ ಮೀನು ತಂದ ಗಾಡಿಯಲ್ಲಿ ಐಸಿನ ಉಪ್ಪುನೀರು ತಳದ ಶೀಟನ್ನು ಒಳಗಿನಿಂದ ತಿಂದಿರುತ್ತದೆ. ಮೇಲೆ ಹಾಸಿದ ರಬ್ಬರ್ ಮ್ಯಾಟ್ ಎತ್ತಿಸಿ. ವಾಸನೆ ಹೋಗಿರುವುದಿಲ್ಲ. ಇನ್ನೊಂದು ನೆರೆಹಾವಳಿಗೆ ಸಿಕ್ಕ ಗಾಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದಾಗ ನೀರಲ್ಲಿ ನಿಂತ ಗಾಡಿಗಳು ಎಷ್ಟೋ. ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ ವೈರಿನ ಕಟ್ಟು ಮುಟ್ಟಿ. ಸಣ್ಣ ಒಣಮಣ್ಣು ಬೆರಳಿಗೆ ಹತ್ತಿದರೆ, ಫ್ಯೂಜ್ ಬಾಕ್ಸಿನ ಪಿನ್ನು ಹಸಿರುಗಟ್ಟಿದ್ದರೆ, ಆ ಗಾಡಿಗೆ ಕರೆಂಟಿನ ಕಾಟ ತಪ್ಪಿದ್ದಲ್ಲ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ಅದೇ ಮಿಸ್ತ್ರಿಗಳು ಹೇಳುವ ಬ್ಯಾಕ್ ಕಂಪ್ರೆಶನ್, ಎಂಜಿನ್ ಇಳಿಸುವ ಕೆಲಸ ಹತ್ತಿರ ಬಂದಿದೆ. 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಸೆನ್ಸರ್ ಜಾಸ್ತಿ, ಸ್ಕ್ಯಾನರ್ ಇರುವ ಗ್ಯಾರೇಜಿಗೇ ಒಯ್ಯಬೇಕು.

ಕಿಲೋಮೀಟರ್ ಮೀಟರ್ ನೋಡಿ ಸಂತೋಷಪಡಬೇಡಿ. ಪೆಡಲ್ ರಬ್ಬರ್ ನೋಡಿ, ಸ್ಟೇರಿಂಗ್ ಎಷ್ಟು ನುಣುಪಾಗಿದೆ ನೋಡಿ. ಟೈರಿನ ಬದಿಯ ನಾಲ್ಕು ಅಂಕಿ ಓದಿ: 3218 ಅಂದರೆ 2018ರ 32ನೇ ವಾರದ ಟೈರು.

ಖಾಲಿ ಗಾಡಿ ಓಡಿಸಿ ನೋಡುವುದು ಸುಮ್ನೆ. ಹತ್ತು ಚೀಲ ಹೇರಿಸಿ, ಏರು ಹತ್ತಿಸಿ. ಬೆಳಗಾವಿಯವರಿಗೆ ವಂಟಮುರಿ ಘಾಟ್ ಇದ್ದೇ ಇದೆ. ಎಂಜಿನ್ ಕೂಗಿದಷ್ಟು ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಇಳಿಯುವಾಗ ಬ್ರೇಕು ಒಂದೇ ಕಡೆ ಎಳೆಯುತ್ತದಾ, ಗೇರು ತಾನೇ ಬಿಡುತ್ತದಾ ನೋಡಿ. ಹತ್ತಿದ ಮೇಲೆ ನಿಲ್ಲಿಸಿ, ಕೆಳಗೆ ಬಗ್ಗಿ ಆಯಿಲ್ ಎಲ್ಲಿ ಸೋರುತ್ತಿದೆ ಅಂತಲೂ ನೋಡಿ.

ಸಂಚಕಾರ, ಉಳಿದ ದುಡ್ಡು

ಕೈಯಲ್ಲಿ ಎರಡು ಲಕ್ಷ ಇದ್ದರೆ ಒಂದು ಲಕ್ಷ ಅರವತ್ತು ಸಾವಿರದ ಗಾಡಿ ನೋಡಿ. ಉಳಿದದ್ದು ಟೈರು, ಬ್ಯಾಟರಿ, ಇನ್ಶೂರೆನ್ಸಿಗೆ. ಸಂಚಕಾರ ಕಡಿಮೆ ಕೊಡಿ, ಕಾಗದ ಸರಿಯಾಗದಿದ್ದರೆ ವಾಪಸ್ ಅಂತ ಬರೆಸಿಕೊಳ್ಳಿ. ದುಡ್ಡು ಬ್ಯಾಂಕಿನಿಂದಲೇ ಹೋಗಲಿ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲೂ ಅವಕಾಶವಿಲ್ಲ. ಗಾಡಿ ಒಪ್ಪಿಸಿಕೊಂಡ ದಿನ ಮತ್ತು ಹೊತ್ತು ಎರಡನ್ನೂ ಚೀಟಿಯಲ್ಲಿ ಬರೆಸಿ. ಹಿಂದಿನ ದಿನದ ಚಲನ್ ನಿಮ್ಮ ತಲೆಗೆ ಬರಬಾರದು.

ಗಾಡಿ ಮನೆಗೆ ಬಂತು. ಗಾಲಿ ಕೆಳಗೆ ನಿಂಬೆಹಣ್ಣು ಇಡುವುದು ಇಡಿ, ಅದರ ಜೊತೆಗೇ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಹಾಕಿಸಿ, 30 ದಿನದೊಳಗೆ ಆರ್‌ಟಿಒದಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಮೊದಲ ಬಾಡಿಗೆಗೆ ಹೊರಡುವ ಮುನ್ನ ಎಂಜಿನ್ ಆಯಿಲ್, ಗೇರ್ ಆಯಿಲ್, ಹೌಸಿಂಗ್ (ಹಿಂದಿನ ಆಕ್ಸಲ್) ಆಯಿಲ್ ಮೂರನ್ನೂ ತೆಗೆಸಿ ಹೊಸದು ಹಾಕಿಸಿ. ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್ ಕೂಡ. "ಮೊನ್ನೇನ ಹಾಕ್ಸೇನ್ರಿ" ಅಂತ ಮಾರಿದವರು ಹೇಳಿರುತ್ತಾರೆ. ಆದರೂ ಹಾಕಿಸಿ.