ಚಿಕ್ಕಮಗಳೂರಿನ ದುಬಾರಿ ಅಂಗಡಿಯಲ್ಲಿ ಕಾಫಿ, ಏಲಕ್ಕಿ, ಮೆಣಸು ಕೊಳ್ಳುವಾಗ

ಪೊಟ್ಟಣ ಕೈಗೆತ್ತಿಕೊಂಡ ಕೂಡಲೇ ಹಿಂಬದಿಗೆ ತಿರುಗಿಸಿ. ಎಂ.ಆರ್.ಪಿ. ಹತ್ತಿರ ಗ್ರಾಂಗೆ ಇಷ್ಟು ರೂಪಾಯಿ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಹೋಲಿಸಬೇಕಾದ್ದು ಅದನ್ನು. 80 ಗ್ರಾಂನ 180 ರೂಪಾಯಿ ಡಬ್ಬಿ ನೋಡಲು ಅಗ್ಗ, ಆದರೆ 250 ಗ್ರಾಂನ 450 ರೂಪಾಯಿ ಡಬ್ಬಿಗಿಂತ ಅದು ಗ್ರಾಂಗೆ 45 ಪೈಸೆ ಹೆಚ್ಚು. ಹಾಗಂತ ದೊಡ್ಡದನ್ನೇ ತರಬೇಡಿ, ಘಮ ಹೋದ ಪುಡಿ ಎಷ್ಟು ಅಗ್ಗವಾದರೂ ನಷ್ಟವೇ.

ಈ ಊರಲ್ಲಿ ಹಣ ಹೆಚ್ಚು ಸೋರುವುದು ಕಾಫಿಯಲ್ಲಿ. ಪ್ಯಾಕ್ ಮಾಡಿದ ದಿನಾಂಕ ಸಾಲದು, ಹುರಿದ ದಿನ ಕೇಳಿ. ಹುರಿದ ಬೀಜ ಒಂದೆರಡು ದಿನ ಒಳಗಿನ ಅನಿಲ ಹೊರಬಿಟ್ಟು, ಆಮೇಲೆ ಸುಮಾರು ಒಂದು ತಿಂಗಳು ಚೆನ್ನಾಗಿರುತ್ತದೆ. ಪುಡಿಯಾದರೆ ವಾರ, ಎರಡು ವಾರದಲ್ಲೇ ಸಪ್ಪೆ. ಒಮ್ಮೆಗೆ 200 ಗ್ರಾಂ ಬೀಜ ಕೊಂಡು ಕಣ್ಣೆದುರೇ ಪುಡಿ ಮಾಡಿಸಿ. ಸ್ಟೀಲ್ ಫಿಲ್ಟರ್‌ಗೆ ಎಂದು ಹೇಳಿಯೇ ಮಾಡಿಸಬೇಕು: ತೀರಾ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದಿಲ್ಲ, ರವೆಯಂತಾದರೆ ನೀರಾಗುತ್ತದೆ. ಯಂತ್ರದಲ್ಲಿ ಹಿಂದಿನವರ ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರು) ಉಳಿದಿರಬಹುದು, ಮೊದಲ ಒಂದು ಹಿಡಿ ಬೀಜದ ಪುಡಿಯನ್ನು ಬೇರೆ ತೆಗೆಸಿ.

ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಪ್ರತಿಶತ ಇರಬೇಕು, ಪ್ರಮಾಣ ಪೊಟ್ಟಣದ ಮೇಲೆ ಬರೆದಿರಬೇಕು. 60:40 ಎಂದಿದ್ದರೆ ಅರ್ಧ ಕಿಲೋದಲ್ಲಿ ಕಾಫಿ 300 ಗ್ರಾಂ ಮಾತ್ರ. ಬೆಲೆಯನ್ನು ಆ 300ಕ್ಕೆ ಭಾಗಿಸಿ ನೋಡಿ, ಆಗ ನೂರಕ್ಕೆ ನೂರು ಕಾಫಿ ಅಷ್ಟೇನೂ ದುಬಾರಿ ಅನ್ನಿಸದು. ಅನುಮಾನವಿದ್ದರೆ ಚಿಟಿಕೆ ಪುಡಿಯನ್ನು ಲೋಟದ ನೀರಿನ ಮೇಲೆ ಉದುರಿಸಿ: ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ಮುಳುಗುತ್ತದೆ.

‘ಪ್ಲಾಂಟೇಶನ್ ಎಎ’ ಎಂದರೆ ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಯ ದಪ್ಪ ಬೀಜ; ‘ಚೆರಿ’ ಎಂದರೆ ಹಣ್ಣಿನ ಸಮೇತ ಒಣಗಿಸಿದ್ದು; ‘ಪೀಬರಿ’ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ. ಎಎ, ಪೀಬರಿ ಹೇಳುವುದು ಗಾತ್ರ, ಆಕಾರ; ರುಚಿಗೆ ಜಾಮೀನಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಬೇರೆಬೇರೆ ಭೌಗೋಳಿಕ ಗುರುತು (ಜಿಐ, ಆ ಊರಿನ ಬೆಳೆಗೆ ಮಾತ್ರ ಆ ಹೆಸರು) ಸಿಕ್ಕಿದೆ. ಬರೀ ‘ಗಿರಿ ಸ್ಪೆಷಲ್’ ಎಂದಿದ್ದರೆ ಯಾವ ಎಸ್ಟೇಟ್, ಯಾವ ವರ್ಷದ ಫಸಲು ಎಂದು ಕೇಳಿ. ತಡವರಿಸಿದರೆ ಆ ಹೆಚ್ಚಿನ ಬೆಲೆ ಕೊಡಬೇಕಿಲ್ಲ.

ಏಲಕ್ಕಿಯಲ್ಲಿ ಗಾತ್ರಕ್ಕೇ ಹಣ. ಅಂಗಡಿಯ ಮುಂಚೂಣಿಯಲ್ಲಿರುವ 8 ಮಿ.ಮೀ. ಕಾಯಿ ಹೆಚ್ಚಾಗಿ ಕೇರಳದ್ದು. ಮೂಡಿಗೆರೆ, ಸಕಲೇಶಪುರ ಕಡೆಯ ಮಲಬಾರ್ ತಳಿಯದ್ದು ಚಿಕ್ಕದು. ಪಾಯಸಕ್ಕೆ ಕುಟ್ಟಿ ಹಾಕುವವರಿಗೆ ಚಿಕ್ಕದೇ ಸಾಕು. ಒಂದು ಕಾಯಿ ಬಿಡಿಸಿ ನೋಡಿ: ಬೀಜ ಕಪ್ಪಗೆ, ತುಸು ಅಂಟಂಟಾಗಿರಬೇಕು. ಕಂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾದರೆ ಹಳೆಯದು. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಹಸಿರು ಹತ್ತಿದರೆ ಅದು ಬಣ್ಣ.

ಕಾಳುಮೆಣಸನ್ನು ಅಂಗೈ ತುಂಬ ಹಿಡಿದು ತೂಕ ಗಮನಿಸಿ. ಜೊಳ್ಳು ಕಾಳು ಹಗುರ, ನೀರಿನಲ್ಲಿ ತೇಲುತ್ತದೆ. ಪಪ್ಪಾಯಿ ಬೀಜವೂ ತೇಲುತ್ತದೆ, ಅದರ ಮೈ ಉದ್ದುದ್ದ. ಕೈಗೆ ಜಿಡ್ಡು ಹತ್ತುವಷ್ಟು ಮಿನುಗುತ್ತಿದ್ದರೆ ಎಣ್ಣೆ ಸವರಿದ್ದಾರೆ. ಕೊಯ್ಲು ಮುಗಿದ ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊಸ ಮೆಣಸು ಸಿಗುತ್ತದೆ, ವರ್ಷಕ್ಕಾಗುವಷ್ಟನ್ನು ಆಗ ಕೊಂಡರೂ ತೊಂದರೆಯಿಲ್ಲ. ಇದು ಕಾಫಿಯಂತೆ ಬೇಗ ಕೆಡುವ ಜಾತಿಯಲ್ಲ, ಪುಡಿ ಮಾಡಬಾರದು ಅಷ್ಟೆ.

ಜೇನು ಹರಳುಗಟ್ಟಿದೆ ಎಂದು ಬಿಡಬೇಡಿ, ಅದು ಸಹಜ. ನೀರಿಗೆ ಹನಿ ಬಿಟ್ಟು ನೋಡುವ ಪರೀಕ್ಷೆಯನ್ನು ದಪ್ಪ ಸಕ್ಕರೆ ಪಾಕವೂ ಗೆಲ್ಲುತ್ತದೆ. ದಾಲ್ಚಿನ್ನಿ ಕಾಗದದಂತೆ ಪದರ ಪದರವಾಗಿ ಸುರುಳಿಯಾಗಿರಬೇಕು. ಒಂದೇ ದಪ್ಪ ತೊಗಟೆಯಾದರೆ ಅದು ಕ್ಯಾಸಿಯಾ, ಬೆಲೆಯೂ ಹಾಗೇ ಇಳಿಯಬೇಕು. ಆಲಿವ್ ಎಣ್ಣೆಯನ್ನು ಕಡುಬಣ್ಣದ ಬಾಟಲಿಯಲ್ಲಿದ್ದರೆ ಮಾತ್ರ ಕೊಳ್ಳಿ, ಎಕ್ಸ್‌ಟ್ರಾ ವರ್ಜಿನ್ (ಅದರ ದುಬಾರಿ, ಶುದ್ಧೀಕರಿಸದ ದರ್ಜೆ) ಕೊಂಡು ಬಜ್ಜಿ ಕರಿಯಬೇಡಿ.

ಬಿಡಿಯಾಗಿ ತೂಗಿಸಿ ಕೊಳ್ಳುವಾಗ ಖಾಲಿ ಪೊಟ್ಟಣ ಇಟ್ಟ ಮೇಲೆ ತಕ್ಕಡಿ ಸೊನ್ನೆ ತೋರಿಸಬೇಕು. 50 ಗ್ರಾಂ ಏಲಕ್ಕಿಯ ತೂಕದಲ್ಲಿ 8 ಗ್ರಾಂ ರಟ್ಟಿನ ಡಬ್ಬಿಯೂ ಸೇರಿದರೆ, ನೀವು ರಟ್ಟಿಗೆ ಏಲಕ್ಕಿಯ ಬೆಲೆ ಕೊಟ್ಟಂತೆ.