ಚಳಿಗಾಲದ ಬೆಳೆ: ಬಿತ್ತುವ ಮೊದಲು ಮಣ್ಣಿನ ನೀರು ಅಳೆಯುವುದು ಹೇಗೆ?

ಮಳೆಗಾಲ ಮುಗಿದಿದೆ, ಕೆರೆ ಅರ್ಧ ತುಂಬಿದೆ. ಬಿತ್ತಬಹುದಾ, ಬೇಡವಾ? ಎಲ್ಲರೂ ಮೋಡ ನೋಡುತ್ತಾರೆ. ಆದರೆ ಮಳೆಗಾಲ ಮೊದಲೇ ಮುಗಿಯುವ ಕಡೆಗಳಲ್ಲಿ ಚಳಿಗಾಲದ ಬೆಳೆ ಬದುಕುವುದು ಆಗಲೇ ಬಿದ್ದು ಮಣ್ಣಿನಲ್ಲಿ ಉಳಿದ ನೀರಿನಿಂದ. ನೋಡಬೇಕಾದ್ದು ಕೆಳಗೆ.

1. ಮಳೆಯ ಲೆಕ್ಕ

1 ಮಿ.ಮೀ. ಮಳೆ ಎಂದರೆ ಚದರ ಮೀಟರಿಗೆ 1 ಲೀಟರ್, ಎಕರೆಗೆ ಸುಮಾರು 4,000 ಲೀಟರ್. ಬಿದ್ದದ್ದೆಲ್ಲ ಹೊಲದಲ್ಲಿ ಉಳಿಯುವುದಿಲ್ಲ ಅನ್ನಿ. ಒಂದೇ ಸಲ ರಭಸವಾಗಿ ಸುರಿದದ್ದು ಹಳ್ಳಕ್ಕೆ ಓಡುತ್ತದೆ. ಮೂರ್ನಾಲ್ಕು ಮಿ.ಮೀ. ತುಂತುರು ಮೇಲ್ಮಣ್ಣು ತೋಯಿಸಿ ಬೇಗ ಆರಿಹೋಗುತ್ತದೆ. ವಾಡಿಕೆಗಿಂತ ಜಾಸ್ತಿ ಮಳೆ ಎಂಬ ಸುದ್ದಿಗೆ ಸುಮ್ನೆ ಹಿಗ್ಗಬೇಡಿ.

2. ಸರಳು ಚುಚ್ಚಿ ನೋಡಿ

ಬೆರಳು ದಪ್ಪದ, ಒಂದೂವರೆ ಮೀಟರ್ ಉದ್ದದ ಕಬ್ಬಿಣದ ಸರಳು ಸಾಕು. ಮೇಲ್ತುದಿಗೆ ಅಡ್ಡ ಹಿಡಿ ಇರಲಿ. ಮೈಭಾರ ಹಾಕಿ ನೇರವಾಗಿ ಒತ್ತಿ, ಸುತ್ತಿಗೆ ಬೇಡ. ಹಸಿ ಮಣ್ಣಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ಒಣ ಪದರ ಸಿಕ್ಕಿದ ಕೂಡಲೇ ಗಕ್ಕನೆ ನಿಲ್ಲುತ್ತದೆ. ಕಲ್ಲು ಸಿಕ್ಕಿದರೂ ನಿಲ್ಲುತ್ತದೆ, ಆದರೆ ಆಗ ಸದ್ದೇ ಬೇರೆ. ಒಂದಡಿ ಪಕ್ಕಕ್ಕೆ ಸರಿದು ಮತ್ತೆ ಚುಚ್ಚಿ. ಏರು, ತಗ್ಗು, ಬದುವಿನ ಅಂಚು ಎಂದು ಹತ್ತಾರು ಕಡೆ ನೋಡಿ ಸರಾಸರಿ ತೆಗೆಯಿರಿ. ತಗ್ಗಿನಲ್ಲಷ್ಟೇ ನೋಡಿದರೆ ಮೋಸ ಹೋಗುತ್ತೀರಿ.

ಅನುಮಾನ ಬಂದರೆ ಗುಂಡಿ ತೋಡಿ, ಅಡಿಯ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ. ಎರೆ ಮಣ್ಣು, ಅಂದರೆ ಜಿಗುಟಾದ ಕಪ್ಪು ಮಣ್ಣು, ಗಟ್ಟಿ ಉಂಡೆಯಾಗಿ, ಬೆರಳುಗಳ ನಡುವೆ ಒತ್ತಿದಾಗ ಪಟ್ಟಿಯಂತೆ ಚಾಚಿಕೊಂಡರೆ ಹಸಿ ಚೆನ್ನಾಗಿದೆ. ಉದುರಿ ಹೋದರೆ ಬೇರಿಗೆ ಅಲ್ಲಿ ಹೆಚ್ಚೇನೂ ಸಿಗದು.

3. ಆಳವನ್ನು ಮಿ.ಮೀ.ಗೆ ತನ್ನಿ

ಚೆನ್ನಾಗಿ ನೆನೆದ ಎರೆ ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೇರಿಗೆ ಕೊಡಬಲ್ಲದು. ಮರಳು ಮಣ್ಣಿನದು ಸಾಮಾನ್ಯವಾಗಿ 100ರ ಒಳಗೇ. ಸರಳು 80 ಸೆಂ.ಮೀ. ಇಳಿಯಿತು ಎಂದಿಟ್ಟುಕೊಳ್ಳಿ. ಎರೆ ಹೊಲವಾದರೆ ಕೈಯಲ್ಲಿರುವುದು 120ರಿಂದ 160 ಮಿ.ಮೀ. ಒಳ್ಳೆಯ ಇಳುವರಿಗೆ ಗೋಧಿ ಇಡೀ ಹಂಗಾಮಿನಲ್ಲಿ 450ರಿಂದ 650 ಮಿ.ಮೀ. ಕೇಳುತ್ತದೆ. ಕೊರತೆ ತುಂಬಲು ಕಾಲುವೆಯೋ ಬೋರ್‌ವೆಲ್ಲೋ ಇಲ್ಲವೆಂದರೆ ಕಡಲೆ, ಕುಸುಬೆಯಂಥವೇ ವಾಸಿ. ಕುಸುಬೆಯ ಬೇರಂತೂ ಆಳಕ್ಕಿಳಿದು ನೀರು ಹುಡುಕುತ್ತದೆ.

ಚಳಿಗಾಲದಲ್ಲೇ ಮಳೆ ಬೀಳುವ ದಕ್ಷಿಣ ಆಸ್ಟ್ರೇಲಿಯಾದ ಗೋಧಿ ಹೊಲಗಳಿಂದ ಫ್ರೆಂಚ್ ಮತ್ತು ಶುಲ್ಟ್ಜ್ ಎಂಬ ಇಬ್ಬರು ಸಂಶೋಧಕರು 1984ರಲ್ಲಿ ಒಂದು ಸೂತ್ರ ಕೊಟ್ಟರು. ಬೆಳೆಗೆ ಬಳಕೆಯಾದ ಒಟ್ಟು ನೀರಿನಲ್ಲಿ ಸುಮಾರು 110 ಮಿ.ಮೀ. ನೆಲದಿಂದಲೇ ಆವಿಯಾಗಿ ಹೋಗುತ್ತದೆ. ಉಳಿದ ಪ್ರತಿ ಮಿ.ಮೀ.ಗೆ ಹೆಕ್ಟೇರಿಗೆ ಹೆಚ್ಚೆಂದರೆ 20 ಕೆ.ಜಿ. ಕಾಳು. ಅಂದರೆ 260 ಮಿ.ಮೀ. ನೀರಿಗೆ 3,000 ಕೆ.ಜಿ. ಇದು ಗರಿಷ್ಠ ಮಿತಿ, ಭರವಸೆಯಲ್ಲ. ಬೇರೆ ಹವೆಯಲ್ಲಿ ಅಂಕಿ ಬದಲಾಗುತ್ತದೆ, ಆದರೂ ಆಸೆಗೆ ಕಡಿವಾಣ ಹಾಕಲು ಒಳ್ಳೆಯದೇ.

4. ಹೊಂಡದ ನೀರು ಎಷ್ಟು ಎಕರೆಗೆ?

ಎಕರೆಗೆ ಒಂದು ಸಲ 5 ಸೆಂ.ಮೀ. ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. 10 ಲಕ್ಷ ಲೀಟರಿನ ಹೊಂಡ ಕಾಗದದ ಮೇಲೆ 5 ಎಕರೆಗೆ ಸಾಕು. ಬಿಸಿಲಿಗೆ ಆರುವುದು, ತಳಕ್ಕೆ ಇಂಗುವುದು ಕಳೆದು 3 ಎಕರೆ ಎಂದೇ ಇಟ್ಟುಕೊಳ್ಳಿ. ನೀರು ಕಮ್ಮಿಯಿದ್ದಾಗ ಹೊಲದ ವಿಸ್ತೀರ್ಣ ಕಡಿಮೆ ಮಾಡುವುದು ಯಾರಿಗೂ ಇಷ್ಟವಿಲ್ಲ. ಆದರೆ ಅರೆಬರೆ ನೆನೆದ 5 ಎಕರೆಗಿಂತ ಸರಿಯಾಗಿ ನೆನೆದ 3 ಎಕರೆ ಮೇಲು, ಅಲ್ವಾ?

5. ಯಾವಾಗ ಹಾಯಿಸಬೇಕು?

ಗೋಧಿಗೆ ಒಂದೇ ಸಲ ಕೊಡುವಷ್ಟು ನೀರಿದ್ದರೆ ಬಿತ್ತಿದ ಸುಮಾರು 21ನೇ ದಿನ ಕೊಡಿ. ಬುಡದ ಬೇರು ಒಡೆಯುವ ಹೊತ್ತು ಅದು. ಇನ್ನೊಂದು ಸಲಕ್ಕೆ ಇದ್ದರೆ ಹೂವಿನ ಸಮಯಕ್ಕೆ ಉಳಿಸಿ. ಕಡಲೆಗೆ ಹೂ ಬಿಡುವ ಮೊದಲೊಮ್ಮೆ, ಕಾಯಿ ಕಟ್ಟುವಾಗೊಮ್ಮೆ. ಅದಕ್ಕಿಂತ ಹೆಚ್ಚಾದರೆ ಗಿಡ ಸೊಪ್ಪಾಗಿ ಬೆಳೆಯುತ್ತದೆ, ಕಾಯಿ ಕಡಿಮೆ.

ನಡುವೆ ಎರೆ ಹೊಲ ಬಿರುಕು ಬಿಡತೊಡಗಿದರೆ ಎಡೆ ಹೊಡೆಯಿರಿ, ಅಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿ ಮೇಲ್ಮಣ್ಣು ಸಡಿಲಿಸಿ. ಬಿರುಕಿನ ಮೂಲಕ ಆಳದ ಹಸಿಯೂ ಆರುತ್ತದೆ. ಮೇಲಿನ ಪುಡಿ ಮಣ್ಣು ಅದನ್ನು ಮುಚ್ಚುತ್ತದೆ, ಜೊತೆಗೆ ನೀರು ಕುಡಿಯುವ ಕಳೆಯೂ ಹೋಗುತ್ತದೆ.